ತಾಮ್ರಪಟದಿಂದ ಫ್ಲಾಪಿಯವರೆಗೆ

ಕನ್ನಡ ನಾಡಿನ ಇತಿಹಾಸವನ್ನು ಓದಿದವರಿಗೆ ‘ಕೂಟ ಶಾಸನ’ ಎಂಬ ಮಾತು ಹೊಸದಲ್ಲ. ಹಳೆಯ ಅರಸನೊಬ್ಬನು ಕೊಟ್ಟ ದಾನವೆಂದು ತೋರುವಂತೆ ಮುಂದಿನ ಕಾಲದವರು ಯಾರೋ ಕೊರೆಸಿಟ್ಟ ನಕಲಿ ಶಾಸನಕ್ಕೆ ವಿದ್ವಾಂಸರು ಕೊಟ್ಟ ಹೆಸರು ಅದು. ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ. ಎಫ್. ಫ್ಲೀಟ್ ಮತ್ತು ಬಿ. ಎಲ್. ರೈಸ್ ಅವರ ನಡುವೆ ದೀರ್ಘವಾದ ವಾದವೇ ನಡೆಯಿತು. ಅವುಗಳಲ್ಲಿ ಹಲವು ಕೂಟವೆಂದು ಫ್ಲೀಟರು ಹೇಳಿದರೆ, ರೈಸರು ಅವುಗಳ ಪರವಾಗಿ ನಿಂತರು. ಯಾರು ಗೆದ್ದರೆಂಬುದಕ್ಕಿಂತ ವಾದ ನಡೆದ ಬಗೆಯೇ ಇಲ್ಲಿ ನಮಗೆ ಮುಖ್ಯ. ಅಕ್ಷರಗಳ ರೂಪ ಯಾವ ಕಾಲದ್ದು? ಹೇಳಿರುವ ತಿಥಿ, ವಾರ, ಸಂವತ್ಸರಗಳು ಒಂದಕ್ಕೊಂದು ಕೂಡುತ್ತವೆಯೇ? ಹೀಗೆ ಲೋಹದ ಮೇಲಿನ ಒಂದೊಂದು ಗೀರನ್ನೂ ಸಾಕ್ಷಿಯೆಂದು ಭಾವಿಸಿ ಪ್ರಶ್ನೆ ಕೇಳುವ ವಿದ್ಯೆ ಅದು. ಯುರೋಪಿನಲ್ಲಿ ಇದೇ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ಸಂನ್ಯಾಸಿ ಮಾಬಿಯೋನ್. ಹಳೆಯ ಸನದುಗಳ ಸಾಚಾತನವನ್ನು ಅಳೆಯುವ ಅವನ ಗ್ರಂಥ ಹೊರಬಂದದ್ದು 1681ರಲ್ಲಿ.

ಕಲ್ಲು, ತಾಮ್ರ, ಓಲೆಗರಿ, ಕಾಗದಗಳನ್ನು ಪರೀಕ್ಷಿಸುವುದರಲ್ಲಿ ಪಂಡಿತರು ಪಳಗಿದ್ದರು. ಆದರೆ ಇಪ್ಪತ್ತನೆಯ ಶತಮಾನದ ಕೊನೆಗೆ ಅವರ ಮುಂದೆ ಬಂದು ಬಿದ್ದದ್ದು ಬೇರೆಯೇ ಬಗೆಯ ‘ಪಟ’. ಐಬಿಎಂ ಕಂಪನಿ 1971ರಲ್ಲಿ 8 ಅಂಗುಲದ ಫ್ಲಾಪಿಯನ್ನು ಹೊರತಂದಿತು. 1976ರಲ್ಲಿ ಐದೂಕಾಲು ಅಂಗುಲದ್ದು, 1980ರ ದಶಕದಲ್ಲಿ ಮೂರೂವರೆ ಅಂಗುಲದ್ದು ಬಳಕೆಗೆ ಬಂದವು. ಲೇಖಕರು, ವಿಜ್ಞಾನಿಗಳು, ಕಲಾವಿದರು ಟೈಪ್‌ರೈಟರನ್ನು ಬದಿಗಿಟ್ಟು ಗಣಕಯಂತ್ರದ ಮುಂದೆ ಕುಳಿತರು. ಅವರು ಕಾಲವಾದ ಮೇಲೆ ಮನೆಯವರು ಗ್ರಂಥಾಲಯಕ್ಕೆ ಒಪ್ಪಿಸಿದ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಹಸ್ತಪ್ರತಿಗಳ ಜೊತೆಗೆ ಫ್ಲಾಪಿಗಳ ಕಟ್ಟೂ ಇರತೊಡಗಿತು. ಇತ್ತ, ಬಹುಕಾಲ ಫ್ಲಾಪಿ ಮಾರಿದ ಸೋನಿ ಕಂಪನಿಯೂ 2011ರಲ್ಲಿ ಆ ವ್ಯಾಪಾರ ನಿಲ್ಲಿಸಿತು. ಓದುವ ಯಂತ್ರ ಅಪರೂಪವಾಯಿತು. ಫ್ಲಾಪಿಯ ಕಾಂತಲೇಪವೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ.

‘ಯಂತ್ರವೊಂದನ್ನು ಹುಡುಕಿ ಫ್ಲಾಪಿಯನ್ನು ಹಾಕಿ ತೆರೆದರಾಯಿತಲ್ಲ’ ಎಂದು ವಾಚಕರು ಕೇಳಬಹುದು. ಅಪಾಯವಿರುವುದು ಅಲ್ಲಿಯೇ. ಗಣಕಯಂತ್ರವು ತನ್ನ ಹೊಟ್ಟೆಗೆ ಬಿದ್ದ ಡಿಸ್ಕನ್ನು ಸುಮ್ಮನೆ ಓದುವುದಿಲ್ಲ. ಅನೇಕ ವೇಳೆ ನಮಗೆ ತಿಳಿಯದಂತೆ ಅದರ ಮೇಲೆ ಏನನ್ನಾದರೂ ಬರೆದುಬಿಡುತ್ತದೆ. 1989ರ ಕಡತಕ್ಕೆ ಇಂದಿನ ತಾರೀಖು ಬೀಳಬಹುದು. ಅಳಿಸಿದ ಕಡತವಿದ್ದ ಜಾಗದ ಮೇಲೆ ಹೊಸ ಬರಹ ಕೂರಬಹುದು. ತಾಮ್ರಪಟವನ್ನು ಓದುವ ಮೊದಲೇ ಉಳಿ ತೆಗೆದುಕೊಂಡು ಅದರ ಮೇಲೆ ಗೀಚಿದಂತೆ ಇದು.

ಈ ಕಷ್ಟವನ್ನು ಮೊದಲು ಎದುರಿಸಿದವರು ಗ್ರಂಥಪಾಲಕರಲ್ಲ, ಪೊಲೀಸರು. ಅಮೆರಿಕದ ಎಫ್‌ಬಿಐ 1984ರಲ್ಲಿಯೇ ಗಣಕಯಂತ್ರದ ಸಾಕ್ಷ್ಯಗಳನ್ನು ಪರೀಕ್ಷಿಸುವ ಕೆಲಸವನ್ನು ಆರಂಭಿಸಿತು. ನ್ಯಾಯಾಲಯದ ಮುಂದೆ ನಿಲ್ಲಬೇಕಾದ ಸಾಕ್ಷ್ಯವಾದ್ದರಿಂದ ಅದಕ್ಕೆ ಕಟ್ಟುನಿಟ್ಟಿನ ಕ್ರಮ ಬೆಳೆಯಿತು. ಮೊದಲನೆಯದಾಗಿ, ‘ರೈಟ್ ಬ್ಲಾಕರ್’ ಎಂಬ ಸಣ್ಣ ಪೆಟ್ಟಿಗೆಯನ್ನು ಡಿಸ್ಕಿಗೂ ಯಂತ್ರಕ್ಕೂ ನಡುವೆ ಇಡುತ್ತಾರೆ. ಅದು ಓದುವುದಕ್ಕೆ ಬಿಡುತ್ತದೆ, ಬರೆಯುವುದಕ್ಕೆ ಬಿಡುವುದಿಲ್ಲ. ಎರಡನೆಯದಾಗಿ, ಕಾಣುವ ಕಡತಗಳನ್ನಷ್ಟೇ ನಕಲು ಮಾಡದೆ, ಖಾಲಿಯೆಂದು ತೋರುವ ಜಾಗವನ್ನೂ ಸೇರಿಸಿ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಬಿಟ್ ಬಿಟ್ಟಾಗಿ ತೆಗೆಯುತ್ತಾರೆ. ಮೂರನೆಯದಾಗಿ, ಆ ಪ್ರತಿಬಿಂಬಕ್ಕೆ ‘ಹ್ಯಾಶ್’ ಎಂಬ ಗಣಿತದ ಲೆಕ್ಕ ಹಾಕಿ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. 1992ರಲ್ಲಿ ಪ್ರಕಟವಾದ ಎಂಡಿ 5 ಎಂಬ ಲೆಕ್ಕವನ್ನು ಮೋಸಗೊಳಿಸಬಹುದೆಂದು 2004ರಲ್ಲಿ ಗೊತ್ತಾದ ಮೇಲೆ ಇನ್ನೂ ಗಟ್ಟಿಯಾದ ಲೆಕ್ಕಗಳು ಬಳಕೆಗೆ ಬಂದಿವೆ. ತಾಮ್ರಪಟಗಳನ್ನು ಪೋಣಿಸಿದ ಉಂಗುರದ ಮೇಲೆ ಅರಸನ ಮುದ್ರೆ ಇರುತ್ತಿತ್ತಲ್ಲವೇ? ಈ ಸಂಖ್ಯೆಯೂ ಅಂಥದೇ ಮುದ್ರೆ.

ಅಳಿಸಿದ ಕಡತ ಸಿಗುವುದು ಹೇಗೆಂಬುದನ್ನೂ ಹೇಳಬೇಕು. ಗ್ರಂಥಾಲಯದ ಸೂಚಿಪೆಟ್ಟಿಗೆಯಿಂದ ಒಂದು ಪುಸ್ತಕದ ಕಾರ್ಡನ್ನು ತೆಗೆದು ಹರಿದರೆ ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ, ಹುಡುಕುವವರಿಗೆ ಮಾತ್ರ ದಾರಿ ಇಲ್ಲ. ಫ್ಲಾಪಿಯಲ್ಲಿ ಕಡತ ಅಳಿಸುವುದೆಂದರೆ ಸಾಮಾನ್ಯವಾಗಿ ಇಷ್ಟೇ. ಆ ಜಾಗದಲ್ಲಿ ಬೇರೆ ಕಡತ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಮಲಗಿರುತ್ತದೆ.

ಈ ವಿದ್ಯೆ ಗ್ರಂಥಾಲಯಗಳಲ್ಲಿ ಮಾಡಿದ ಕೆಲಸಕ್ಕೆ ಎರಡು ಉದಾಹರಣೆ ಕೊಡಬಹುದು. ‘ರೆಂಟ್’ ಎಂಬ ಸಂಗೀತ ನಾಟಕವನ್ನು ರಚಿಸಿದ ಅಮೆರಿಕದ ಜೊನಾಥನ್ ಲಾರ್ಸನ್ ತನ್ನ 35ನೆಯ ವಯಸ್ಸಿನಲ್ಲಿ, 1996ರ ಜನವರಿ 25ರಂದು, ನಾಟಕದ ಪೂರ್ವಪ್ರದರ್ಶನಗಳು ಆರಂಭವಾಗಬೇಕಾಗಿದ್ದ ದಿನವೇ ತೀರಿಕೊಂಡ. ಅವನ ಸುಮಾರು 180 ಫ್ಲಾಪಿಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಸೇರಿದವು. ಅವನು ಬಳಸಿದ ವರ್ಡ್ ತಂತ್ರಾಂಶಕ್ಕೆ ‘ಬೇಗ ಉಳಿಸು’ ಎಂಬ ಒಂದು ಅಭ್ಯಾಸವಿತ್ತು. ತಿದ್ದಿದ ಭಾಗವನ್ನು ಅದು ಕಡತದ ಕೊನೆಗೆ ಅಂಟಿಸುತ್ತಿತ್ತು, ಹೊಡೆದುಹಾಕಿದ ಸಾಲುಗಳು ಒಳಗೇ ಉಳಿಯುತ್ತಿದ್ದವು. ಡಗ್ ರಿಸೈಡ್ ಎಂಬ ಸಂಶೋಧಕರು ಆ ಕಡತಗಳ ಒಳಹೊಕ್ಕು ನೋಡಿದಾಗ ಲಾರ್ಸನ್ ಕೈಬಿಟ್ಟಿದ್ದ ಸಾಲುಗಳೇ ಕಂಡವು. ಇನ್ನೊಂದು ಕಥೆ ಚಿತ್ರಕಾರ ಆಂಡಿ ವಾರ್ಹಾಲನದು. 1985ರಲ್ಲಿ ಅವನು ಅಮಿಗ ಗಣಕಯಂತ್ರದ ಮೇಲೆ ಬಿಡಿಸಿದ ಚಿತ್ರಗಳು ಪಿಟ್ಸ್‌ಬರ್ಗಿನ ವಾರ್ಹಾಲ್ ವಸ್ತುಸಂಗ್ರಹಾಲಯದ ಫ್ಲಾಪಿಗಳಲ್ಲಿ ಕಣ್ಮರೆಯಾಗಿದ್ದವು. ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಡಿಸ್ಕಿನ ಕಾಂತ ಸಂಕೇತಗಳನ್ನೇ ನೇರವಾಗಿ ಓದಿ, ಯಾರಿಗೂ ಪರಿಚಯವಿಲ್ಲದ ಕಡತರೂಪವನ್ನು ಬಿಡಿಸಿ, ಆ ಚಿತ್ರಗಳನ್ನು ಮರಳಿ ಪಡೆದ ಸುದ್ದಿ 2014ರಲ್ಲಿ ಹೊರಬಿತ್ತು.

ಪೊಲೀಸರ ಉಪಕರಣಗಳು ದುಬಾರಿ. ಗ್ರಂಥಾಲಯಗಳ ಅಗತ್ಯವೂ ಬೇರೆ. ಈ ವಿದ್ಯೆಯನ್ನು ಸಾಂಸ್ಕೃತಿಕ ಸಂಸ್ಥೆಗಳು ಹೇಗೆ ಬಳಸಬಹುದೆಂಬ ವಿಸ್ತಾರವಾದ ವರದಿ 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮರುವರ್ಷ ನಾರ್ತ್ ಕ್ಯಾರೊಲಿನ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು ಕೂಡಿ ‘ಬಿಟ್‌ಕ್ಯುರೇಟರ್’ ಎಂಬ ಯೋಜನೆಯನ್ನು ಆರಂಭಿಸಿದವು. ಅದರಿಂದ ಬಂದ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಪ್ರತಿಬಿಂಬ ತೆಗೆಯುವುದಲ್ಲದೆ, ಡಿಸ್ಕಿನಲ್ಲಿ ಅಡಗಿರುವ ದೂರವಾಣಿ ಸಂಖ್ಯೆ, ಇಮೇಲ್ ವಿಳಾಸ, ಬ್ಯಾಂಕ್ ಕಾರ್ಡಿನ ಸಂಖ್ಯೆ ಮೊದಲಾದವನ್ನು ಅದು ಜಾಲಾಡಿ ಪಟ್ಟಿ ಮಾಡಿಕೊಡುತ್ತದೆ.

ಇಲ್ಲಿಯೇ ಧರ್ಮಸಂಕಟವೂ ಹುಟ್ಟುತ್ತದೆ. ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲನ್ನು ನಾವು ಸಂಕೋಚವಿಲ್ಲದೆ ಓದುತ್ತೇವೆ. ಆದರೆ ಆ ಕಾಗದವನ್ನು ಕೊಟ್ಟವರಿಗೆ ಹೊಡೆದ ಗೆರೆ ಕಾಣುತ್ತಿತ್ತು, ಕಂಡೂ ಕೊಟ್ಟರು. ಅಳಿಸಿದ ಕಡತ ಕೊಟ್ಟವರ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಹಾಗಿರುವಾಗ ಅದನ್ನು ಅವರು ಕೊಟ್ಟರೆಂದು ಹೇಳಬಹುದೇ? ಪೊಲೀಸರ ಕೈಯಲ್ಲಿ ನ್ಯಾಯಾಲಯದ ಆಜ್ಞೆ ಇರುತ್ತದೆ. ಗ್ರಂಥಾಲಯದ ಕೈಯಲ್ಲಿರುವುದು ಒಂದು ಮನೆಯವರ ನಂಬಿಕೆ ಮಾತ್ರ. ಮುಂಬಯಿಯಲ್ಲಿ ಹುಟ್ಟಿದ ಸಲ್ಮಾನ್ ರಶ್ದಿಯವರು ತಮ್ಮ ಗಣಕಯಂತ್ರಗಳನ್ನೇ ಅಮೆರಿಕದ ಎಮೊರಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. 2010ರಲ್ಲಿ ಆ ಸಂಗ್ರಹ ಓದುಗರಿಗೆ ತೆರೆದಾಗ ಹಳೆಯ ಮ್ಯಾಕಿಂಟಾಷ್ ಯಂತ್ರದ ಪರದೆ ಹೊಸ ಯಂತ್ರದ ಮೇಲೆ ಮೂಡಿಬರುವ ಏರ್ಪಾಡಿತ್ತು. ಆದರೆ ಎಲ್ಲ ಕಡತಗಳೂ ಎಲ್ಲರಿಗೂ ತೆರೆದಿರಲಿಲ್ಲ. ಅದು ಸರಿಯಾದ ಕ್ರಮವೆಂದೇ ನಮ್ಮ ಭಾವನೆ. ನಮ್ಮ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ನಾಲ್ಕು ಎಲ್ಲೆಗಳನ್ನೂ ಹೇಳುವ ಪದ್ಧತಿ ಇತ್ತು. ಡಿಸ್ಕನ್ನು ದಾನ ಮಾಡುವಾಗಲೂ ಅಳಿಸಿದ್ದು ಸೇರಿದೆಯೇ, ಖಾಸಗಿ ಪತ್ರಗಳು ಸೇರಿವೆಯೇ, ಎಷ್ಟು ವರ್ಷ ಮುಚ್ಚಿಡಬೇಕು ಎಂದು ಎಲ್ಲೆ ಹೇಳಿಯೇ ಕೊಡಬೇಕು, ಎಲ್ಲೆ ಕೇಳಿಯೇ ಪಡೆಯಬೇಕು.

ಇದೆಲ್ಲ ಅಮೆರಿಕದ ಮಾತು, ಹೊರನಾಡ ಕನ್ನಡಿಗರಾದ ನಮಗೇನು ಎಂದು ಯಾರೂ ಭಾವಿಸಬಾರದು. ಊರು ಬಿಟ್ಟು ಬಂದ ನಮ್ಮ ಚರಿತ್ರೆಯನ್ನು ಸರಕಾರದ ದಫ್ತರಗಳು ಬರೆದಿಡುವುದಿಲ್ಲ. ಅದು ಇರುವುದು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಸದಸ್ಯರ ಪಟ್ಟಿಗಳಲ್ಲಿ, ಊರಿಗೆ ಬರೆದ ಪತ್ರಗಳಲ್ಲಿ. 1990ರ ದಶಕದಿಂದ ಈಚೆಗೆ ಇವುಗಳಲ್ಲಿ ಬಹುಪಾಲು ಗಣಕಯಂತ್ರದಲ್ಲಿಯೇ ಹುಟ್ಟಿದವು. ನಮ್ಮ ಕಷ್ಟ ಇನ್ನೊಂದು ಪಟ್ಟು ಹೆಚ್ಚು. ಯೂನಿಕೋಡ್ ಕ್ರಮದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳಲ್ಲಿ ಕನ್ನಡವನ್ನು ಉಳಿಸಿಡುತ್ತಿದ್ದವು. ಆ ಅಕ್ಷರಮಾಲೆ ಯಂತ್ರದಲ್ಲಿ ಇಲ್ಲದಿದ್ದರೆ, ಒಂದು ಬಿಟ್ಟೂ ಕೆಡದ ಕಡತವೂ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಅದನ್ನು ಕಂಡು ‘ಕೆಟ್ಟುಹೋಗಿದೆ’ ಎಂದು ಬಿಸಾಡಿದರೆ ಮುಗಿಯಿತು.

ಆದ್ದರಿಂದ ಮನೆಯ ಅಟ್ಟದ ಮೇಲೋ ಸಂಘದ ಬೀರುವಿನಲ್ಲೋ ಹಳೆಯ ಫ್ಲಾಪಿ, ಸಿ.ಡಿ.ಗಳಿದ್ದರೆ ರದ್ದಿಯವನಿಗೆ ಹಾಕಬೇಡಿ. ಕುತೂಹಲಕ್ಕೆಂದು ತೆರೆಯಲೂ ಹೋಗಬೇಡಿ. ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯಲ್ಲಿ ಸಣ್ಣ ತಡೆಯೊಂದಿದೆ. ಅದನ್ನು ಸರಿಸಿ ಕಿಂಡಿ ತೆರೆದಿಟ್ಟರೆ ಅದರ ಮೇಲೆ ಯಂತ್ರ ಬರೆಯಲಾರದು. ಮುಂಬಯಿ, ಚೆನ್ನೈಯಂಥ ಊರುಗಳ ತೇವಕ್ಕೆ ಬೂಷ್ಟು ಹಿಡಿಯದಂತೆ ಒಣಗಿದ ಜಾಗದಲ್ಲಿಡಿ. ಯಾರದು, ಯಾವ ವರ್ಷದ್ದು, ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಮಾಲೆಯಲ್ಲಿ ಬರೆದದ್ದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಅದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಆಮೇಲೆ ತಿಳಿದವರಿಂದ ಪ್ರತಿಬಿಂಬ ತೆಗೆಸಬಹುದು. ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳೂ ಇವೆ.

ತಾಮ್ರಪಟ ಸಾವಿರ ವರ್ಷ ಹೊಲದಲ್ಲಿ ಹೂತಿದ್ದರೂ ನೇಗಿಲಿಗೆ ಸಿಕ್ಕಿ ಮೇಲೆ ಬರುತ್ತದೆ. ಫ್ಲಾಪಿಗೆ ಅಷ್ಟು ಆಯುಸ್ಸಿಲ್ಲ. ಈ ಕೆಲಸವನ್ನು ಮುಂದಿನ ಪೀಳಿಗೆಗೆ ಬಿಡುವಂತಿಲ್ಲ.