ರ‍್ಯಾನ್ಸಮ್‌ವೇರ್

ಕಂಪ್ಯೂಟರಿನ ಕಡತಗಳನ್ನು ತೆರೆಯಲಾಗದಂತೆ ಮಾಡಿ, ಬಿಡುಗಡೆಗೆ ಹಣ ಕೇಳುವ ಕುತಂತ್ರಾಂಶವೇ ರ‍್ಯಾನ್ಸಮ್‌ವೇರ್. ‘ರ‍್ಯಾನ್ಸಮ್’ ಮತ್ತು ‘ಸಾಫ್ಟ್‌ವೇರ್’ ಪದಗಳು ಬೆರೆತು ಈ ಪದ ಹುಟ್ಟಿದೆ. ರ‍್ಯಾನ್ಸಮ್ ಎಂದರೆ ಒತ್ತೆಯಾಳಿನ ಬಿಡುಗಡೆಗೆ ತೆರುವ ಹಣ. ‘ಮರಳಿ ಕೊಳ್ಳುವುದು’ ಎಂಬ ಅರ್ಥದ ಲ್ಯಾಟಿನ್ ಪದ ‘ರೆಡೆಂಪ್ಟಿಯೊ’ ಇದರ ಮೂಲ. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಕನ್ನಡದ ಸುದ್ದಿಬರಹಗಳಲ್ಲಿ ಇಂಗ್ಲಿಷ್ ಪದವೇ ಬಳಕೆಯಲ್ಲಿದೆ.

ಇಂಥ ಸುಲಿಗೆಯ ಮೊದಲ ಪ್ರಸಿದ್ಧ ನಿದರ್ಶನ 1989ರದು. ಏಡ್ಸ್ ರೋಗದ ಮಾಹಿತಿಯ ಹೆಸರಿನಲ್ಲಿ ಅಂಚೆಯಲ್ಲಿ ಬಂದ ಫ್ಲಾಪಿಗಳು ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಪನಾಮಾದ ವಿಳಾಸಕ್ಕೆ 189 ಡಾಲರ್ ಕಳುಹಿಸಲು ಹೇಳುತ್ತಿದ್ದವು. ಇಂದು ಕಡತದ ಒಳಗಿನ ಮಾಹಿತಿಯೇ ಗೂಢಲಿಪಿಯಾಗುತ್ತದೆ. ಅದನ್ನು ಬಿಡಿಸುವ ಕೀಲಿ ದಾಳಿಕೋರರ ಬಳಿ ಮಾತ್ರ ಇರುತ್ತದೆ. ಜಾಡು ಹಿಡಿಯುವುದು ಕಷ್ಟವಾಗಲೆಂದು ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣ ಕೇಳುತ್ತಾರೆ.

2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ದಾಳಿಯಿಂದ ಈ ಪದ ಮನೆಮಾತಾಯಿತು. ವಿಂಡೋಸ್‌ನ ದೋಷವೊಂದನ್ನು ಬಳಸಿ ಹರಡಿದ ಅದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾಗುವಂತೆ ಮಾಡಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ನೀಡಿತ್ತು. ಅದನ್ನು ಅಳವಡಿಸದ ಯಂತ್ರಗಳು ಬಲಿಯಾದವು.

ಕಡತಗಳನ್ನು ಮೊದಲೇ ಕದ್ದು, ಹಣ ಕೊಡದಿದ್ದರೆ ಬಹಿರಂಗಪಡಿಸುವುದಾಗಿ ಬೆದರಿಸುವುದಕ್ಕೆ ‘ಇಮ್ಮಡಿ ಸುಲಿಗೆ’ ಎನ್ನಬಹುದು. ಹಣ ಕೊಟ್ಟರೂ ಕಡತ ಮರಳುವ ಖಾತರಿಯಿಲ್ಲ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು, ಅಪರಿಚಿತ ಇಮೇಲ್ ಲಗತ್ತುಗಳನ್ನು ತೆರೆಯದಿರುವುದು, ಮುಖ್ಯ ಕಡತಗಳ ಪ್ರತಿಯನ್ನು ಜಾಲದಿಂದ ಬೇರ್ಪಟ್ಟ ಡಿಸ್ಕ್‌ನಲ್ಲಿ ಇಡುವುದು ರ‍್ಯಾನ್ಸಮ್‌ವೇರ್‌ನಿಂದ ರಕ್ಷಿಸಿಕೊಳ್ಳುವ ಮುಖ್ಯ ಕ್ರಮಗಳು.