ಕೈಗಾದ ಇಂಧನಕ್ಕೆ ಸೆರಾಮಿಕ್ ಕವಚ: ನ್ಯೂಟ್ರಾನ್ ಮಿತವ್ಯಯದ ವಾದದ ಪುನಃಪರಿಶೀಲನೆ

ಧಾರವಾಡದ ಮಗ್ಗುಲಿನ ನರೇಂದ್ರದ 400 ಕಿಲೋವೋಲ್ಟ್ ಉಪಕೇಂದ್ರಕ್ಕೆ ಸಹ್ಯಾದ್ರಿಯ ಅರಣ್ಯವನ್ನು ದಾಟಿ ಬರುವ ವಿದ್ಯುತ್ತು ಕಾಳೀನದಿಯ ತೀರದ ಕೈಗಾ ಸ್ಥಾವರದ್ದಾಗಿರಲಾಗಿ, ಆ ಸ್ಥಾವರದ ಇಂಧನ ಎಷ್ಟರಮಟ್ಟಿಗೆ ನಿರಪಾಯಕರವೆಂಬ ವಿಚಾರವು ಹುಬ್ಬಳ್ಳಿ-ಧಾರವಾಡದ ನಮಗೆ ಪರಕೀಯವಾದುದಲ್ಲ. ವಿಕಿರಣವನ್ನು ತಡೆಹಿಡಿಯುವ ಕಟ್ಟಕಡೆಯ ಆವರಣವಾದ ಗುಮ್ಮಟದ ವಿಷಯದಲ್ಲಿ ಈ ನಾಡಿಗೆ ಕಹಿಯಾದ ಅನುಭವವುಂಟು: ನಿರ್ಮಾಣದ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕೆಳಪದರವು 1994ರ ಮೇ 13ರಂದು ಕಳಚಿ ಬಿದ್ದಿತು. ಯುರೇನಿಯಂ ಬಿಲ್ಲೆಗಳನ್ನು ಮೈಗೊತ್ತಿ ಹಿಡಿದಿರುವ ಕವಚವಾದರೋ ಅದೇ ಸರಣಿಯ ಮೊದಲನೆಯ ಆವರಣ; ಪ್ರಸ್ತುತ ಲೇಖನದ ವಿಷಯ ಅದು.

ಸರ್ವಸಮ್ಮತವಾದುದನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡಬಹುದು. ಇಂದಿನ ಕವಚವು ಜಿರ್ಕೋನಿಯಂ ಪ್ರಧಾನವಾದ ಜಿರ್ಕಲಾಯ್ ಎಂಬ ಮಿಶ್ರಲೋಹ. ತಂಪುಗೊಳಿಸುವ ನೀರು ತಪ್ಪಿಹೋಗಿ ಕವಚದ ಉಷ್ಣತೆಯು 1200 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಾಗ ಅದು ಹಬೆಯೊಡನೆ ತೀವ್ರವಾಗಿ ವರ್ತಿಸಿ, ಪ್ರತಿ ಕಿಲೋಗ್ರಾಮಿಗೆ ಸುಮಾರು 6.5 ಮೆಗಾಜೂಲ್ ಶಾಖವನ್ನೂ ಅರ್ಧ ಘನಮೀಟರಿನಷ್ಟು ಜಲಜನಕವನ್ನೂ ಬಿಡುಗಡೆ ಮಾಡುತ್ತದೆ. ಈ ಕ್ರಿಯೆಯ ವೇಗವನ್ನು ಬೇಕರ್ ಮತ್ತು ಜಸ್ಟ್ ಎಂಬವರು 1962ರಲ್ಲಿಯೇ ಸೂತ್ರಬದ್ಧಗೊಳಿಸಿದ್ದರು. ಅದರ ಭೀಕರ ನಿದರ್ಶನವನ್ನು 2011ರ ಮಾರ್ಚಿನಲ್ಲಿ ಫುಕುಶಿಮಾದಲ್ಲಿ ಜಗತ್ತು ಕಂಡಿತು. ಸಿಲಿಕಾನ್ ಕಾರ್ಬೈಡಿನ ಎಳೆಗಳನ್ನು ನೇಯ್ದು, ಅದೇ ದ್ರವ್ಯದಿಂದ ಅವುಗಳ ಸಂದುಗಳನ್ನು ತುಂಬಿ ಸಿದ್ಧಪಡಿಸುವ ಸೆರಾಮಿಕ್ ಕವಚವು ಹಬೆಯಲ್ಲಿ ಜಿರ್ಕಲಾಯಿಗಿಂತ ಎಷ್ಟೋ ಪಾಲು ನಿಧಾನವಾಗಿ ಸವೆಯುತ್ತದೆ. ಇಷ್ಟರಲ್ಲಿ ವಿವಾದವಿಲ್ಲ.

ವಿವಾದವಿರುವುದು ಮುಂದಿನ ಹೆಜ್ಜೆಯಲ್ಲಿ. ಸಿಲಿಕಾನ್ ಕಾರ್ಬೈಡು ಜಿರ್ಕಲಾಯಿಗಿಂತ ಕಡಮೆ ನ್ಯೂಟ್ರಾನುಗಳನ್ನು ಹೀರುವುದರಿಂದ, ನ್ಯೂಟ್ರಾನುಗಳ ವಿಷಯದಲ್ಲಿ ಸದಾ ಬಡತನವಿರುವ ನೈಸರ್ಗಿಕ ಯುರೇನಿಯಮ್ಮಿನ ರಿಯಾಕ್ಟರುಗಳಿಗೆ ಅದು ವಿಶೇಷವಾಗಿ ಒಪ್ಪುತ್ತದೆಂಬುದು ಪೂರ್ವಪಕ್ಷ. ಕೇಳುವುದಕ್ಕೆ ಯುಕ್ತಿಯುಕ್ತವಾಗಿಯೇ ಇರುವ ಈ ಮಾತು ಕೈಗಾದ ಮಟ್ಟಿಗೆ ನಿಲ್ಲಲಾರದೆಂದು ನನ್ನ ಅಭಿಪ್ರಾಯ.

ಸಮಾನ ಘನಗಾತ್ರದಲ್ಲಿ ತೂಗಿದರೆ ಸೆರಾಮಿಕ್ಕಿಗೆ ದೊರೆಯುವ ಲಾಭವು ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲು. ಅದನ್ನು ಪೂರ್ತಿಯಾಗಿ ಒಪ್ಪಿಕೊಂಡೇ ಮುಂದುವರಿಯೋಣ. ಆದರೆ ಘನಗಾತ್ರಗಳು ಸಮಾನವಾಗಿ ಉಳಿಯುವುವೇ? ಕೈಗಾದ 220 ಮೆಗಾವಾಟಿನ ನಾಲ್ಕು ಘಟಕಗಳ ಪೈಕಿ ಪ್ರತಿಯೊಂದರಲ್ಲಿಯೂ 306 ನಾಳಗಳು, ನಾಳಕ್ಕೆ 12 ಇಂಧನದ ಕಟ್ಟುಗಳು, ಕಟ್ಟಿಗೆ 19 ಸರಳುಗಳು. ಸರಳಿನ ಹೊರವ್ಯಾಸ 15.2 ಮಿಲಿಮೀಟರ್, ಕವಚದ ದಪ್ಪವಾದರೋ ಸುಮಾರು 0.4 ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಗೋಡೆ ಸ್ವತಂತ್ರವಾಗಿ ನಿಲ್ಲಬೇಕೆಂದು ರಚನಕಾರರು ಎಣಿಸಿಯೇ ಇಲ್ಲ. ಸುತ್ತಲಿನ ಭಾರಜಲದ ಒತ್ತಡಕ್ಕೆ ಅದು ಬಿಲ್ಲೆಗಳ ಮೇಲೆ ಕುಸಿದು, ಒದ್ದೆಬಟ್ಟೆಯಂತೆ ಅವುಗಳಿಗೆ ಅಂಟಿಕೊಂಡು, ಅವುಗಳ ಆಸರೆಯಿಂದಲೇ ಬಲವನ್ನೂ ಸುಗಮವಾದ ಶಾಖವಹನವನ್ನೂ ಪಡೆಯುತ್ತದೆ. ಬಾಗುವ ಲೋಹಕ್ಕೆ ಸಾಧ್ಯವಾದ ಈ ಉಪಾಯವು ಬಾಗದ ಸೆರಾಮಿಕ್ಕಿಗೆ ಸಾಧ್ಯವಿಲ್ಲ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಾಗೆ ನಿಲ್ಲಬೇಕಾದರೆ ನೇಯ್ಗೆಯ ಪದರಗಳು ಸೇರಿ ಮುಕ್ಕಾಲರಿಂದ ಒಂದು ಮಿಲಿಮೀಟರಿನಷ್ಟು ದಪ್ಪ ಬೇಕಾದೀತು. ದಪ್ಪವು ಇಮ್ಮಡಿಯಾದೊಡನೆ, ನಾಲ್ಕನೆಯ ಒಂದು ಪಾಲಿನ ಲಾಭವನ್ನು ಕಳೆದ ಮೇಲೆಯೂ, ಕವಚವು ಹೀರುವ ನ್ಯೂಟ್ರಾನುಗಳು ಇಂದಿನ ಒಂದೂವರೆ ಪಟ್ಟಾಗುತ್ತವೆ.

ನಷ್ಟವು ಇಷ್ಟಕ್ಕೆ ಮುಗಿಯುವುದಿಲ್ಲ. ಪ್ರತಿ ನಾಳದ 82.5 ಮಿಲಿಮೀಟರ್ ಒಳವ್ಯಾಸದ ಒತ್ತಡನಳಿಕೆಯೊಳಗೆ ಹತ್ತೊಂಬತ್ತು ಸರಳುಗಳೂ ಅವುಗಳ ನಡುವಣ ನೀರಿನ ಹರಿವೂ ಹಿಡಿಸಬೇಕಾದುದರಿಂದ ಸರಳನ್ನು ಹೊರಕ್ಕೆ ಉಬ್ಬಿಸುವಂತಿಲ್ಲ. ಗೋಡೆಯು ಒಳಕ್ಕೇ ಬೆಳೆಯಬೇಕು. ದಪ್ಪವು 0.8 ಮಿಲಿಮೀಟರ್ ಆದರೆ ಬಿಲ್ಲೆಯ ವ್ಯಾಸವು ಅಷ್ಟೇ ಕುಗ್ಗಿ, ಯುರೇನಿಯಮ್ಮಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಹೊರಗುಳಿಯುತ್ತದೆ. ಸಾಂದ್ರೀಕೃತ ಯುರೇನಿಯಂ ಬಳಸುವ ಅನ್ಯದೇಶಗಳ ರಿಯಾಕ್ಟರುಗಳು ಇಂಥ ಕೊರತೆಯನ್ನು ಸಾಂದ್ರತೆಯನ್ನು ತುಸು ಏರಿಸಿ ತುಂಬಿಕೊಳ್ಳಬಲ್ಲವು, ನೂರರಲ್ಲಿ 0.7ರಷ್ಟು ಮಾತ್ರ ಯುರೇನಿಯಂ-235 ಇರುವ ನಮ್ಮ ಇಂಧನಕ್ಕೆ ಆ ದಾರಿಯಿಲ್ಲ. ಆದಕಾರಣ ನೈಸರ್ಗಿಕ ಯುರೇನಿಯಮ್ಮಿಗೆ ವಿಶೇಷ ಅನುಕೂಲವೆಂದು ಹೇಳಲಾದುದು, ವಿಚಾರಿಸಿ ನೋಡಿದರೆ, ವಿಶೇಷ ಪ್ರತಿಕೂಲವಾಗಿ ಪರಿಣಮಿಸುತ್ತದೆ.

ಈ ನಿರ್ಣಯಕ್ಕೆ ಮಿತಿಗಳುಂಟು. ಮೇಲಿನ ಗಣನೆಯು ದ್ರವ್ಯದ ಲೆಕ್ಕವೇ ಹೊರತು ರಿಯಾಕ್ಟರಿನ ಸಂಪೂರ್ಣ ಭೌತಗಣಿತವಲ್ಲ. ಯುರೇನಿಯಂ ಕಡಮೆಯಾದಾಗ ಭಾರಜಲದೊಡನೆ ಅದರ ಪ್ರಮಾಣವೂ ವ್ಯತ್ಯಾಸಗೊಳ್ಳುವುದರಿಂದ ಪರಿಣಾಮವು ನೇರ ಅನುಪಾತದಲ್ಲಿಯೇ ಇರಬೇಕೆಂದಿಲ್ಲ. ಅರ್ಧ ಮಿಲಿಮೀಟರಿನಲ್ಲಿಯೇ ಸೋರದೆ ನಿಲ್ಲುವ ನೇಯ್ಗೆಯನ್ನು ಯಾರಾದರೂ ಸಾಧಿಸಿದರೆ ನನ್ನ ವಾದದ ಬಹುಭಾಗವು ಸಡಿಲವಾಗುವುದು.

ಸುರಕ್ಷತೆಯ ಲೆಕ್ಕದಲ್ಲಿಯೂ ಒಂದು ಅಂಶವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಕೈಗಾದಲ್ಲಿ ಜಿರ್ಕೋನಿಯಂ ಇರುವುದು ಕವಚದಲ್ಲಿ ಮಾತ್ರವಲ್ಲ. ಒತ್ತಡನಳಿಕೆಯೂ ಅದನ್ನು ಸುತ್ತುವರಿದ ಕ್ಯಾಲಂಡ್ರಿಯಾ ನಳಿಕೆಯೂ ಅದೇ ಲೋಹದ ಮಿಶ್ರಣಗಳು. ಆಯಾ ಅಳತೆಗಳಿಂದ ಲೆಕ್ಕ ಹಾಕಿದರೆ ಒಂದು ನಾಳದ ಹನ್ನೆರಡು ಕಟ್ಟುಗಳಲ್ಲಿರುವ ಜಿರ್ಕಲಾಯ್ ಸುಮಾರು 15 ಕಿಲೋಗ್ರಾಂ, ಎರಡು ನಳಿಕೆಗಳದು ಕೂಡಿ 45ಕ್ಕೂ ಹೆಚ್ಚು. ಹೊರಗಿನ ಮಂದಕ ಭಾರಜಲವು ತಂಪಾಗಿರುವವರೆಗೆ ನಳಿಕೆಗಳಿಗೆ ಭಯವಿಲ್ಲ, ಕವಚವೇ ಎಲ್ಲಕ್ಕಿಂತ ಮೊದಲು ಕಾಯುವುದು. ಆ ಮಟ್ಟದ ಅವಘಡದಲ್ಲಿ ಸೆರಾಮಿಕ್ಕಿನ ಉಪಕಾರವು ನಿಸ್ಸಂದೇಹವಾದುದು. ಮಂದಕವೂ ಕುದಿದು ಆರಿದ ಘೋರಸ್ಥಿತಿಯಲ್ಲಿ ಮಾತ್ರ, ಕವಚವನ್ನು ಬದಲಿಸಿದ ಬಳಿಕವೂ, ಜಲಜನಕದ ಮೂಲದ ಮುಕ್ಕಾಲು ಪಾಲು ಹಾಗೆಯೇ ಉಳಿದಿರುವುದು.

ಅನಿರ್ಣೀತವಾದುವು ಇನ್ನೂ ಹಲವಿವೆ. ಲಿಥಿಯಂ ಬೆರೆಸಿ ಕ್ಷಾರಗೊಳಿಸಿದ ಬಿಸಿ ಭಾರಜಲದಲ್ಲಿ ಸಿಲಿಕಾನ್ ಕಾರ್ಬೈಡು ವರ್ಷಾನುಗಟ್ಟಲೆ ಕರಗದೆ ಉಳಿಯುವುದೇ ಎಂಬುದೊಂದು; ಸ್ಥಾವರವನ್ನು ನಿಲ್ಲಿಸದೆಯೇ ಇಂಧನ ಬದಲಿಸುವ ನಮ್ಮ ಪದ್ಧತಿಯಲ್ಲಿ, ಯಂತ್ರವು ಕಟ್ಟುಗಳನ್ನು ನೂಕುವಾಗ, ಅತಿಕಠಿನವಾದ ಈ ಮೈ ಒತ್ತಡನಳಿಕೆಯ ಒಳಗೋಡೆಯನ್ನು ಗೀರದೆ ಜಾರುವುದೇ ಎಂಬುದು ಇನ್ನೊಂದು. ಕೈಗಾದ 5 ಮತ್ತು 6ನೆಯ ಘಟಕಗಳಾಗಲಿರುವ 700 ಮೆಗಾವಾಟಿನ ಮಾದರಿಯಲ್ಲಿ ಕಟ್ಟಿಗೆ 37 ಸರಳುಗಳು, ಒಂದೊಂದೂ ಸುಮಾರು 13.1 ಮಿಲಿಮೀಟರಿನಷ್ಟು ಸಣ್ಣವು. ಅಲ್ಲಿ ಯುರೇನಿಯಮ್ಮಿನ ನಷ್ಟವು ಪ್ರಮಾಣದಲ್ಲಿ ಇನ್ನೂ ಹೆಚ್ಚಾಗುವುದು ಸ್ಪಷ್ಟವಾದರೂ, ಅದು ಇಂಧನದ ಬಾಳಿಕೆಯನ್ನು ಎಷ್ಟು ಕುಗ್ಗಿಸುವುದೆಂಬುದನ್ನು ಭೌತಗಣಿತಜ್ಞರು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗಿದೆ.