ಹಕಲ್‌ಬರಿ ಫಿನ್ ಕಾದಂಬರಿಯಲ್ಲಿ ಜಿಮ್‌ನ ಬಿಡುಗಡೆ: ನದಿ ಮತ್ತು ಉಯಿಲು

ಮಾರ್ಕ್ ಟ್ವೇನನ ‘ಅಡ್ವೆಂಚರ್ಸ್ ಆಫ್ ಹಕಲ್‌ಬರಿ ಫಿನ್’ 1885ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಪ್ರಕಟವಾಗುವ ಹೊತ್ತಿಗೆ ಆ ದೇಶದಲ್ಲಿ ಗುಲಾಮಗಿರಿ ರದ್ದಾಗಿ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು. ಕಥೆ ನಡೆಯುವುದು ಮಾತ್ರ ಪ್ರಕಟಣೆಗೆ ನಾಲ್ಕೈದು ದಶಕಗಳ ಹಿಂದೆ, ಗುಲಾಮಗಿರಿಗೆ ಕಾನೂನಿನ ಮಾನ್ಯತೆಯಿದ್ದ ಮಿಸ್ಸೂರಿ ರಾಜ್ಯದ ನದೀತೀರದಲ್ಲಿ. ಒಡತಿ ಮಿಸ್ ವಾಟ್ಸನ್ ತನ್ನನ್ನು 800 ಡಾಲರಿಗೆ ನ್ಯೂ ಆರ್ಲಿಯನ್ಸಿನ ಕಡೆಗೆ ಮಾರಬಹುದೆಂಬ ಮಾತು ಕಿವಿಗೆ ಬಿದ್ದ ರಾತ್ರಿಯೇ ಜಿಮ್ ಓಡಿಹೋಗುತ್ತಾನೆ.

ನದಿಯ ಆಚೆ ದಡದ ಇಲಿನಾಯ್ ಗುಲಾಮಗಿರಿಯಿಲ್ಲದ ರಾಜ್ಯವಾಗಿರುವಾಗ ಜಿಮ್ ನೇರವಾಗಿ ಅಲ್ಲಿಗೇ ದಾಟಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಅಂದಿನ ಕಾನೂನಿನಲ್ಲಿದೆ. ತಪ್ಪಿಸಿಕೊಂಡವನನ್ನು ಯಾವ ರಾಜ್ಯದಿಂದಲಾದರೂ ಹಿಡಿದು ತರಲು ಒಡೆಯನಿಗೆ ಹಕ್ಕು ಕೊಟ್ಟಿದ್ದ 1793ರ ಕೇಂದ್ರ ಶಾಸನ ಅಲ್ಲಿಯೂ ಜಾರಿಯಲ್ಲಿತ್ತು. ಮೇಲಾಗಿ, ತಾನು ಸ್ವತಂತ್ರನೆಂದು ತೋರಿಸುವ ಪತ್ರವಿಲ್ಲದ ಕಪ್ಪುವರ್ಣೀಯನನ್ನು ಬಂಧಿಸಿ ಕೂಲಿಗೆ ಒಪ್ಪಿಸಲು ಇಲಿನಾಯ್‌ನ ಕಾನೂನೇ ಅವಕಾಶ ನೀಡಿತ್ತು. ಗುಲಾಮರಿಗೆ ನೆರವಾಗುವವರ ಪಾಡೂ ಸುಗಮವಾಗಿರಲಿಲ್ಲ: ಇಲಿನಾಯ್‌ನ ಕ್ವಿನ್ಸಿಯಿಂದ ಬಂದು ಗುಲಾಮರನ್ನು ಪಾರುಮಾಡಲು ಯತ್ನಿಸಿದ ಮೂವರಿಗೆ 1841ರಲ್ಲಿ ಮಿಸ್ಸೂರಿಯಲ್ಲಿ ಹನ್ನೆರಡು ವರ್ಷಗಳ ಸೆರೆವಾಸ ವಿಧಿಸಲಾಯಿತು, ಅವರನ್ನು ತಪ್ಪಿತಸ್ಥರೆಂದು ನಿರ್ಣಯಿಸಿದ ಜ್ಯೂರಿಯಲ್ಲಿ ಟ್ವೇನನ ತಂದೆಯೂ ಇದ್ದರು. ಹೀಗಾಗಿ, ಓಹಾಯೋ ನದಿ ಮಿಸಿಸಿಪ್ಪಿಯನ್ನು ಕೂಡುವ ಕೇರೋ ಪಟ್ಟಣದವರೆಗೆ ತೆಪ್ಪದಲ್ಲಿ ಸಾಗಿ, ಅಲ್ಲಿಂದ ಉಗಿಹಡಗು ಹತ್ತಿ ಓಹಾಯೋ ನದಿಯ ಮೇಲುದಿಕ್ಕಿಗೆ, ಮಿಸ್ಸೂರಿಯಿಂದ ದೂರಕ್ಕೆ ಹೋಗುವ ಜಿಮ್ ಮತ್ತು ಅವನ ಜೊತೆಗಾರನಾದ ಹುಡುಗ ಹಕ್‌ನ ಯೋಜನೆ ವಿವೇಕದ್ದೇ ಆಗಿತ್ತು. ಮಂಜು ಕವಿದ ರಾತ್ರಿಯಲ್ಲಿ ಕೇರೋ ತಪ್ಪಿಹೋದ ಮೇಲೆ ನದಿಯ ಪ್ರತಿಯೊಂದು ತಿರುವೂ ಜಿಮ್‌ನನ್ನು ಗುಲಾಮಗಿರಿಯ ಒಳನಾಡಿಗೇ ಒಯ್ಯುತ್ತದೆ. ಕೊನೆಗೆ ವಂಚಕನೊಬ್ಬ ಅವನನ್ನು ಬರಿಯ 40 ಡಾಲರಿಗೆ ಕೈಬಿಡುತ್ತಾನೆ.

ಮುಂದಿನದು ವಿಮರ್ಶಕರ ಜಗಳದ ಕಣ. ಫೆಲ್ಪ್ಸ್ ಕುಟುಂಬದ ಜಮೀನಿನಲ್ಲಿ ಕೂಡಿಹಾಕಲಾದ ಜಿಮ್‌ನನ್ನು ಹಕ್‌ನ ಗೆಳೆಯ ಟಾಮ್ ಸಾಯರ್, ಸಾಹಸಕಥೆಗಳ ಮಾದರಿಯಲ್ಲಿ ‘ಬಿಡಿಸುವ’ ಆಟ ಹೂಡುತ್ತಾನೆ. ಗುಂಡೇಟು ತಿಂದ ಟಾಮ್‌ಗಾಗಿ ಜಿಮ್ ಕೈಗೆ ಬಂದ ಬಿಡುಗಡೆಯನ್ನೇ ಬಿಟ್ಟು ನಿಲ್ಲುತ್ತಾನೆ. ಆಮೇಲಷ್ಟೇ, ಎರಡು ತಿಂಗಳ ಹಿಂದೆ ತೀರಿಕೊಂಡ ಮಿಸ್ ವಾಟ್ಸನ್ ತನ್ನ ಉಯಿಲಿನಲ್ಲಿ ಅವನನ್ನು ಬಿಡುಗಡೆ ಮಾಡಿದ್ದಳೆಂಬುದು ಹೊರಬೀಳುತ್ತದೆ. ಲಯೊನೆಲ್ ಟ್ರಿಲಿಂಗ್ ಮತ್ತು ಟಿ. ಎಸ್. ಎಲಿಯಟ್ ಈ ಮುಕ್ತಾಯವನ್ನು ಸಮರ್ಥಿಸಿದರೆ, ಲಿಯೊ ಮಾರ್ಕ್ಸ್ 1953ರ ಪ್ರಬಂಧದಲ್ಲಿ ಅದು ಇಡೀ ಪಯಣದ ಅರ್ಥಕ್ಕೆ ಬಗೆದ ದ್ರೋಹವೆಂದು ಖಂಡಿಸಿದರು. ನಂತರದ ಕೆಲವರು, ಆಗಲೇ ಸ್ವತಂತ್ರನಾದವನನ್ನು ಮತ್ತೆ ಕಟ್ಟಿಹಾಕುವ ಈ ಪ್ರಹಸನದಲ್ಲಿ 1877ರ ಬಳಿಕ ದಕ್ಷಿಣದ ಕಪ್ಪುವರ್ಣೀಯರ ಹಕ್ಕುಗಳು ಕುಸಿದ ಬಗೆಯನ್ನು ಕಂಡಿದ್ದಾರೆ. ಈ ಓದು ಆಕರ್ಷಕವಾಗಿದ್ದರೂ ಪ್ರಹಸನದ ದೀರ್ಘತೆಯನ್ನು ಅದು ಸಮರ್ಥಿಸಲಾರದು.

ಉಯಿಲಿನ ವಿಷಯ ಬೇರೆ. ಒಡೆಯನೇ ಪತ್ರದ ಮೂಲಕ ಗುಲಾಮನನ್ನು ಬಿಡುವ ಪದ್ಧತಿ ಅಂದು ಚಾಲ್ತಿಯಲ್ಲಿತ್ತು. ಜಿಮ್‌ಗೆ ಮಾದರಿಯೆಂದು ಟ್ವೇನ್ ಹೇಳಿಕೊಂಡ ಡ್ಯಾನಿಯಲ್‌ನನ್ನು ಲೇಖಕನ ಚಿಕ್ಕಪ್ಪ ಜಾನ್ ಕ್ವಾರ್ಲ್ಸ್ 1855ರಲ್ಲಿ ಹೀಗೆಯೇ ಬಿಡುಗಡೆ ಮಾಡಿದ್ದರು. ಆದ್ದರಿಂದ ಉಯಿಲು ಅಸಂಭವವೆಂಬ ಆಕ್ಷೇಪ ನಿಲ್ಲದು. ನಿಲ್ಲುವ ಆಕ್ಷೇಪವೆಂದರೆ ಅದರ ವ್ಯಾಪ್ತಿ ಜಿಮ್ ಒಬ್ಬನಿಗೇ ಸೀಮಿತವಾಗಿದ್ದುದು. ದುಡಿದು ಕೂಡಿಟ್ಟು ಹೆಂಡತಿಯನ್ನು ಕೊಂಡು, ಆಮೇಲೆ ಇಬ್ಬರೂ ದುಡಿದು ಮಕ್ಕಳಿಬ್ಬರನ್ನು ಕೊಳ್ಳುವೆನೆಂದು ತೆಪ್ಪದ ಮೇಲೆ ಅವನು ಹೇಳಿದ ಯೋಜನೆಯನ್ನು ಕೊನೆಯ ಅಧ್ಯಾಯ ಎತ್ತುವುದೇ ಇಲ್ಲ. 2024ರಲ್ಲಿ ಪರ್ಸಿವಲ್ ಎವೆರೆಟ್ ಇದೇ ಕಥೆಯನ್ನು ಜಿಮ್‌ನ ಬಾಯಲ್ಲೇ ಹೇಳಿಸಿದ ‘ಜೇಮ್ಸ್’ ಕಾದಂಬರಿಯಲ್ಲಿ ಹೆಂಡತಿ ಮತ್ತು ಮಗಳನ್ನು ಬಿಡಿಸಿಕೊಳ್ಳುವುದೇ ಅವನ ಪಯಣದ ಗುರಿಯಾಗಿದೆ.